ಮೈಲಾರೇಶನ ಗಾಡಿಗೆ ಕಾವಿನ ಮೀಟರು

ಕೊಟ್ಟೂರಿನ ಡೀಸೆಲ್ ಮೆಕ್ಯಾನಿಕ್ ಏಕಾಂತಪ್ಪ ಸುಲಭಕ್ಕೆ ತಲೆ ಕೆಡಿಸಿಕೊಳ್ಳುವ ಆಸಾಮಿಯಲ್ಲ. ಅಂಥವನ ನಿದ್ದೆಯನ್ನೂ ಒಂದು ಗಾಡಿ ಕೆಡಿಸಿತ್ತು. ಗಾಡಿ ಮೈಲಾರೇಶನದು. ಕುರಿ ಹಿಂಡಿನೊಂದಿಗೆ ಊರೂರು ತಿರುಗುವ ಈತ ಹಳೆಯ ಮಿನಿಬಸ್ಸಿನ ಸೀಟು ಕಿತ್ತು, ಮಂಚ, ಒಲೆ, ನೀರಿನ ಡ್ರಮ್ಮು ಹೊಂದಿಸಿ, ಅದನ್ನೇ ಮನೆ ಮಾಡಿಕೊಂಡಿದ್ದ. ಹಿಂದುಗಡೆ ಎಳೆಮರಿಗಳಿಗೂ ಜಾಗವಿತ್ತು.

ಅದರ ಟರ್ಬೊ, ಅಂದರೆ ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೆ ಗಾಳಿ ತುಂಬುವ ಚಕ್ರ, ಸುಟ್ಟುಹೋಗಿತ್ತು. ಏಕಾಂತಪ್ಪ ಹೊಸದು ಹಾಕಿಕೊಟ್ಟ. ಅದೂ ಸುಟ್ಟುಹೋಯಿತು. ಆಯಿಲ್ ಸರಿ, ನೀರು ಸರಿ, ಪೈಪು ಸರಿ. ಮತ್ತೆ ಯಾಕೆ? ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಮೈಲಾರೇಶ ಮಾತ್ರ ಸಂತೆಯಲ್ಲಿ ನಾಲ್ಕು ಜನರ ಮುಂದೆ ಅಂದುಬಿಟ್ಟ: “ಹಳೇದನ್ನ ತೊಳದು ಹಾಕ್ಯಾನ. ಕಳ್ಳ ಅದಾನ.”

ಜನ್ಮವಿಡೀ ಗಳಿಸಿದ ಹೆಸರು ಹೀಗೆ ಮಣ್ಣುಪಾಲಾದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ಏಕಾಂತಪ್ಪ ಮತ್ತೊಂದು ಟರ್ಬೊ ತರಿಸಿದ. ಜೊತೆಗೆ ಹೊಗೆಯ ಕಾವು ತೋರಿಸುವ ಮೀಟರನ್ನೂ ತರಿಸಿದ. ಹೊಗೆ ಕೊಳವೆಯನ್ನು ಇಂಜಿನ್ನಿನಿಂದ ಬಿಚ್ಚಿ ಹೊರಗಿಟ್ಟುಕೊಂಡೇ ತೂತು ಕೊರೆದ. ಕಬ್ಬಿಣದ ಚೂರು ಒಳಗುಳಿದರೆ ಹೊಸ ಚಕ್ರವೂ ಹಾಳು. ತೂತಿಗೆ ಕಾವು ಹಿಡಿಯುವ ಕಡ್ಡಿ ಬಿಗಿದು, ಸ್ಟೇರಿಂಗ್ ಪಕ್ಕ ಮೀಟರು ಕೂರಿಸಿ, ಕೀ ತೆಗೆದರೂ ಅದು ಆರದಿರಲೆಂದು ಬ್ಯಾಟರಿಯಿಂದಲೇ ನೇರ ತಂತಿ ಎಳೆದ.

ಸ್ಟಾರ್ಟ್ ಮಾಡಿದರೆ ಮುಳ್ಳು ಇನ್ನೂರು ಡಿಗ್ರಿಯ ಹತ್ತಿರ ನಿಂತಿತು.

“ನೀರು ನೂರಕ್ಕ ಕುದೀತೈತಿ. ಇದೇನಿದು, ಮೀಟರಾ ಕೆಟ್ಟೈತೇನು?” ಎಂದು ಗೊಣಗಿಕೊಂಡು ಮೀಟರು ಕೊಟ್ಟ ಅಂಗಡಿಯವನಿಗೆ ಫೋನು ಹಚ್ಚಿದ. ಹೊಗೆಗೆ ಇನ್ನೂರೇನೂ ಹೆಚ್ಚಲ್ಲ ಅಂದ ಅವನು. ಏಕಾಂತಪ್ಪನಿಗೆ ನಂಬಿಕೆ ಬರಲಿಲ್ಲ.

ಮೈಲಾರೇಶನ ಕೈಗೇ ಗಾಡಿ ಕೊಟ್ಟು ತಾನು ಪಕ್ಕದಲ್ಲಿ ಕೂತ. ಕೂಡ್ಲಿಗಿ ರಸ್ತೆಯ ದಿಣ್ಣೆ ಹತ್ತುವಾಗ ಮುಳ್ಳು ಆರುನೂರು ದಾಟಿತು. ದಿಣ್ಣೆಯ ತುದಿಯಲ್ಲಿ ದುರುಗಮ್ಮನ ಗುಡಿ. ಮೈಲಾರೇಶ ಗಾಡಿ ನಿಲ್ಲಿಸಿ, ಪಟ್ಟನೆ ಕೀ ತಿರುವಿ ಇಂಜಿನ್ ಬಂದ್ ಮಾಡಿ, ಕೈ ಮುಗಿದ. ಏಕಾಂತಪ್ಪನೂ ಮುಗಿದ. ಕಣ್ಣು ಬಿಟ್ಟು ನೋಡಿದರೆ ಮುಳ್ಳು ಇನ್ನೂ ಮೇಲೇ ಇತ್ತು.

“ದಿನಾ ಹಿಂಗಾ ಬಂದ್ ಮಾಡ್ತೀಯೇನು?”

“ಮತ್ತ? ಅಮ್ಮನ ಮುಂದ ಹೊಗಿ ಬಿಟಗೊಂತ ನಿಂದ್ರಾಕಾಗತೈತೇನ್ರಿ? ದಿಣ್ಣಿಗೊಂದು ಗುಡಿ ಐತಿ.”

“ಸ್ಟಾರ್ಟ್ ಮಾಡು. ಸುಮ್ನ ಬಿಡು.”

ನಿಂತಲ್ಲೇ ಇಂಜಿನ್ ಓಡುತ್ತಿದ್ದಂತೆ ಮುಳ್ಳು ಸರಸರನೆ ಇಳಿಯಿತು. ಏಕಾಂತಪ್ಪ ಬಾಯಿ ತೆರೆದು ನೋಡುತ್ತಿದ್ದ.

“ಇಂಜಿನ್ ನಿಂತರ ಚಕ್ರಕ್ಕ ಆಯಿಲ್ ಹೋಗೂದು ನಿಲ್ಲತೈತಿ, ಮೈಲಾರಿ. ಕಾವು ನಿಲ್ಲಂಗಿಲ್ಲ. ಒಳಗಿದ್ದ ಆಯಿಲ್ ಹೊತ್ತಿ ಚಕ್ರ ಹಿಡಕೊಂತೈತಿ. ಮುಳ್ಳು ಇಳಿಯೋತನಕ ತಡಕೊಂಡು ಆಮ್ಯಾಲೆ ಬಂದ್ ಮಾಡು. ಅಮ್ಮ ಏನೂ ಅನ್ನಂಗಿಲ್ಲ.”

ಮೈಲಾರೇಶ ಮುಳ್ಳು ಪೂರ್ತಿ ಇಳಿಯುವವರೆಗೂ ಕಾದು, ಆಮೇಲೆ ಕೀ ತಿರುವಿದ.

“ಏಕಾಂತಣ್ಣ, ನಿಮ್ಮನ್ನ ಕಳ್ಳ ಅಂದ್ನೆಲ್ರಿ ನಾನು.”

ಬೈಯಬೇಕೆಂದು ಎಷ್ಟೋ ದಿನದಿಂದ ಮಾತು ಕೂಡಿಟ್ಟಿದ್ದ ಏಕಾಂತಪ್ಪ ಮೀಟರಿನ ಗಾಜು ಒರೆಸಿದ.

“ಅಂದ್ರ ಅಂದಿ, ಬಿಡು,” ಎಂದ. “ರಾತ್ರಿ ಎದ್ದು ಕುಂತು, ಹಳೇದನ್ನಾ ಹಾಕಿಬಿಟ್ಟೆನೇನೋ ಅಂತ ನನಗಾ ಅನುಮಾನ ಬಂದಿತ್ತು.”