ಫಾಲ್ಸ್ ಹೊಲಿಯುವ ಜ್ಞಾನಮ್ಮ
ಚೆನ್ನೈನ ಟಿ. ನಗರದ ಸೀರೆ ವ್ಯಾಪಾರಿ ಪುಟ್ಟಸ್ವಾಮಿಯ ಕಣ್ಣಲ್ಲಿ, ಬಾಗಿಲ ಬಳಿ ಕೂತು ಫಾಲ್ಸ್ ಹೊಲಿಯುವ ಕೋಲಾರದ ಜ್ಞಾನಮ್ಮ ಒಗೆದಷ್ಟೂ ಮೆತ್ತಗಾಗುವ ಹತ್ತಿಯ ಮಾಲು. ಸೂಜಿಗೆ ದಾರ ಪೋಣಿಸುವ ಮುಂಚೆ ಯೇಸುವಿಗೆ ಒಂದು ಸ್ತೋತ್ರ, ಪೋಣಿಸಿದ ಮೇಲೊಂದು. "ದೇವರಿಗೆ ಏನಮ್ಮಾ ಹರಕೆ?" ಎಂದು ಕೆಣಕಿದರೆ, "ಕೇಳೋಕ್ ಮುಂಚೇನೇ ಪ್ರೀತಿ ಕೊಟ್ಟವ್ರೆ ಅಣ್ಣಾ, ಇನ್ನೇನು ಚೌಕಾಸಿ ಮಾಡ್ಲಿ?" ಎನ್ನುತ್ತಾರೆ. 2001ರ ದೀಪಾವಳಿಯ ನೂಕುನುಗ್ಗಲಲ್ಲಿ ರೇಷ್ಮೆ ಸೀರೆಯೊಂದು ಕಾಣದಾದಾಗ ಪುಟ್ಟಸ್ವಾಮಿ ಗಿರಾಕಿಗಳೆದುರೇ ಜ್ಞಾನಮ್ಮನವರ ಚೀಲ ಸುರಿಸಿದರು. ಬೈಬಲ್ಲು, ಮೊಸರನ್ನದ ಡಬ್ಬಿ ಉರುಳಿದವು. ಸೀರೆ ಸಿಕ್ಕಿದ್ದು ಪುಟ್ಟಸ್ವಾಮಿಯೇ ಮಡಿಸಿಟ್ಟಿದ್ದ ಇನ್ನೊಂದು ಸೀರೆಯೊಳಗೆ. ಮರುದಿನ ಜ್ಞಾನಮ್ಮ, "ಸಾಪಾಡು ಆಯ್ತಾ ಅಣ್ಣಾ?" ಎಂದು ಎಂದಿನಂತೆ ಊಟ ವಿಚಾರಿಸಿದರು. "ಕೋಪ ಇಲ್ವೇನಮ್ಮಾ?" ಎಂದು ಪುಟ್ಟಸ್ವಾಮಿ ತಲೆಯೆತ್ತದೆ ಕೇಳಿದರು. "ಇದೆ. ಆದ್ರೆ ನನ್ನ ಪ್ರೀತ್ಸೋಕೆ ಯೇಸಪ್ಪ, ನಾನು ಒಳ್ಳೆಯೋಳಾಗ್ಲಿ ಅಂತ ಕಾದ್ರಾ?" ಎಲ್ಲರೆದುರು ಕೇಳಬೇಕಾದ ಕ್ಷಮೆಯನ್ನು ಪುಟ್ಟಸ್ವಾಮಿ ಆಕೆಯಲ್ಲಿ ಇನ್ನೂ ಕೇಳಿಲ್ಲ.