ಸ್ಟ್ರೋಮ್ನೆಸ್‌ನ ಸುಣ್ಣದ ಗೋಡೆ

ಶನಿವಾರ ಬೆಳಗಿನ ಜಾವ. ಸ್ಟ್ರೋಮ್ನೆಸ್ ಎಂಬ ದ್ವೀಪದೂರಿನ ದಕ್ಕೆಯಿಂದ ಹೊರಟ ದೋಣಿಯ ಮೂತಿಯಲ್ಲಿ ಸಿಗರ್ಡ್ ಫ್ಲೆಟ್ ಹಗ್ಗ ಹಿಡಿದು ನಿಂತಿದ್ದಾರೆ. ಪಕ್ಕದಲ್ಲಿ ಕೂತಿರುವ ನಾನೂ ಇದೇ ಊರಿನವಳು. ಹಗ್ಗದ ತುದಿಗೆ ಕಬ್ಬಿಣದ ಗುಂಡು. ಬಲಕ್ಕೆ ದೀಪಸ್ತಂಭ ದ್ವೀಪದ ಅಂಚಿಗೆ ತಾಗಿ, ಎದುರಿಗೆ ದಂಡೆಯ ಮನೆಯ ಬಿಳಿ ಗೋಡೆ ಗುಡ್ಡದ ಕೊರಕಲಿಗೆ ನೇರ ಬಂದದ್ದೇ ತಡ, ಗುಂಡನ್ನು ನೀರಿಗೆ ಬಿಡುತ್ತಾರೆ. ಅದು ಮುಳುಗಿದ ಹಡಗಿನ ಮೇಲೇ ಕೂರುತ್ತದೆ. ವಾರಾಂತ್ಯಕ್ಕೆ ಬಂದ ಡೈವರುಗಳು ಆ ಕೊರೆಯುವ ನೀರಿನಲ್ಲಿ ಇಳಿಯುವುದೂ ಮೇಲೆ ಬರುವುದೂ ಇದೇ ಹಗ್ಗ ಹಿಡಿದು.

“ಹಡಗು ತೋರ್ಸೋ ಯಂತ್ರಾನೂ ಇಲ್ಲೇ ಅಂತಿದೆ ಸಿಗರ್ಡಣ್ಣ. ಇಬ್ರೂ ಮೊದ್ಲೇ ಮಾತಾಡ್ಕೊಂಡಿದ್ರಾ?” ಎಂದು ಛೇಡಿಸುತ್ತಾನೆ ದೋಣಿ ನಡೆಸುವ ಬಿಲ್ಲಿ.

“ಅದು ನನ್ನ ನೋಡಿ ಕಲ್ತಿದ್ದು ಕಣೋ.”

ಆ ಗೋಡೆ ತನ್ನಷ್ಟಕ್ಕೇ ಬೆಳ್ಳಗಿಲ್ಲ ಎನ್ನುವುದು ಊರಲ್ಲೇ ಎಷ್ಟು ಜನಕ್ಕೆ ಗೊತ್ತು? ಪ್ರತಿ ವಸಂತದಲ್ಲೂ ಅದಕ್ಕೆ ಸುಣ್ಣ ಬಳಿಯುವವರು ಸಿಗರ್ಡ್. ಅವರಿಗಿಂತ ಮೊದಲು, ಇದೇ ಗುರುತು ನೋಡಿ ಸಿಗಡಿ ಹಿಡಿಯುವ ಬುಟ್ಟಿ ಇಳಿಸುತ್ತಿದ್ದ ಅವರಪ್ಪ. ಈಗ ಮನೆ ಕೈ ಬದಲಾಗಿದೆ. ಕಲ್ಲು ಕಾಣಬೇಕೆಂದು ಹೊಸ ಒಡತಿ ಹ್ಯಾರಿಯೆಟ್ ಸುಣ್ಣ ಕೆರೆಸುತ್ತಾರಂತೆ. ಬರಿಗಲ್ಲು ಗುಡ್ಡದ ಬಣ್ಣದಲ್ಲಿ ಬೆರೆತರೆ ಸಿಗರ್ಡ್‌ಗೆ ಗುರುತೇ ಇಲ್ಲ. ಕೆಲಸದವರು ಸೋಮವಾರ ಬರುತ್ತಾರೆ.

“ಆಗ ಜೆಸ್ಸಿ ಅಜ್ಜಿ ಇದ್ರು ಆ ಮನೇಲಿ. ಅಪ್ಪ ಏಣಿ ಮೇಲೆ, ಅಜ್ಜಿ ಕೆಳಗೆ. ‘ಅಲ್ಲೊಂಚೂರು ಬಿಟ್ಟೋಯ್ತಲ್ಲೋ, ಕಣ್ಣು ಎಲ್ಲಿಟ್ಟಿದೀಯ?’ ಅಂತ ಬಯ್ಯೋರು. ಆಮೇಲೆ ಬಾರ್ಲಿ ರೊಟ್ಟಿ, ಚೀಸು. ಅಯ್ಯೋ, ಅಂಥ ರೊಟ್ಟಿ ಎಲ್ಲಿ ಬರ್ಬೇಕು ಈಗ!” ಎನ್ನುತ್ತಾ ಸಿಗರ್ಡ್ ಹಗ್ಗ ಎಳೆದು ಬಿಗಿ ನೋಡುತ್ತಾರೆ. ಆ ಅಜ್ಜಿಯ ರೊಟ್ಟಿ ತಿಂದು ಬೆಳೆದವಳು ನಾನೂ.

ಒಡತಿಗೆ ಒಂದು ಮಾತು ಹೇಳಬಾರದೇ ಎಂದು ನಾನು ಕೇಳಿದರೆ, “ಅವ್ರ ಮನೆ, ಅವ್ರ ಗೋಡೆ. ನಾನ್ಯಾವನು ಕೇಳಕ್ಕೆ?” ಎನ್ನುತ್ತಾರೆ.

ಆ ಒಡತಿ ಇವತ್ತು ಇದೇ ದೋಣಿಯಲ್ಲಿ ಬಂದಿದ್ದಾರೆ, ಈಗ ನೀರಿನ ಕೆಳಗಿದ್ದಾರೆ. ಹಗ್ಗ ಹಿಡಿದು ಮೇಲೆ ಬಂದಾಗ ತುಟಿ ನೀಲಿಗಟ್ಟಿದೆ. ಸಿಗರ್ಡ್ ತೋಳು ಕೊಟ್ಟು ಎಳೆದುಕೊಂಡು, ಕೈಗೆ ಬಿಸಿ ಸೂಪು ಇಡುತ್ತಾರೆ.

“ಗುಂಡು ಹಡಗಿನ ಮೇಲೇ ಕೂತಿತ್ತಲ್ಲ, ಹೇಗೆ ಬಿಟ್ರಿ?” ಎಂದು ಹ್ಯಾರಿಯೆಟ್ ಕೇಳುತ್ತಾರೆ.

ಸಿಗರ್ಡ್ ಹಗ್ಗ ಸುತ್ತುವುದರಲ್ಲಿ ಮಗ್ನ. ಬಿಲ್ಲಿಗೆ ತಡೆಯಲಾಗುವುದಿಲ್ಲ. “ನಿಮ್ಮ ಗೋಡೆ ನೋಡ್ಕೊಂಡು, ಅಮ್ಮಾವ್ರೇ! ಇವರಪ್ಪನ ಕಾಲದಿಂದ ಇವ್ರ ಮನೆಯವ್ರೇ ಸುಣ್ಣ ಬಳಿಯೋದು. ಸೋಮವಾರ ನೀವು ಕೆರೆಸ್ತೀರಂತೆ.”

ಹ್ಯಾರಿಯೆಟ್ ದಂಡೆಯ ಬಿಳಿ ಗೋಡೆಯತ್ತ ನೋಡಿ, ಸಿಗರ್ಡ್ ಕಡೆ ತಿರುಗುತ್ತಾರೆ. “ಬಾಯಿಬಿಟ್ಟು ಹೇಳ್ಬಾರ್ದಾ? ಬರಬೇಡಿ ಅಂತ ಕೆಲಸದವರಿಗೆ ಇವತ್ತೇ ಹೇಳ್ತೀನಿ. ಆದ್ರೆ ಈ ವಯಸ್ಸಲ್ಲಿ ನೀವು ಏಣಿ ಹತ್ತೋದು ಬೇಡ. ಸುಣ್ಣ ನಾನೇ ಬಳಿಸ್ತೀನಿ.”

ಬೆಳಗಿನಿಂದ ತಗ್ಗಿಸಿದ್ದ ಸಿಗರ್ಡ್ ದನಿ ಈಗ ಏರುತ್ತದೆ.

“ಅದೊಂದು ಬೇಡ. ಗೋಡೆ ನಿಮ್ದು. ಬಿಳುಪು ನಮ್ಮನೇದು.”