ಮೈ ಕಾಣದ ಅಂಗಿಗಳು

ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರದಿಂದ ಮೇಲೆ ಬಂದವನು ನಾನು. ತಲೆಯ ಮೇಲೆ ಬುಟ್ಟಿ ಹೊತ್ತು ಆಳಂದ, ಅಫಜಲಪುರ, ಜೇವರ್ಗಿಯ ಓಣಿ ಓಣಿ ತಿರುಗಿದ್ದೇನೆ. ಆ ವ್ಯಾಪಾರದಲ್ಲಿ ಕಣ್ಣಿಗಿಂತ ಬೆರಳು ದೊಡ್ಡದು. ಅಂಗಿಯ ಕೊರಳಪಟ್ಟಿ ಉಜ್ಜಿ ನೋಡಬೇಕು, ಕಂಕುಳ ಹೊಲಿಗೆ ಹಿಡಿದು ಎಳೆಯಬೇಕು. ಮೈಮೇಲೆ ಸವೆದ ಬಟ್ಟೆ ಬೇರೆ, ಬಿಸಿಲಿಗೆ ಸವೆದ ಬಟ್ಟೆ ಬೇರೆ. ಎರಡನ್ನೂ ಒಂದೇ ಎಂದು ತೆಗೆದುಕೊಂಡವನು ಬೇಗನೆ ಬುಟ್ಟಿಯನ್ನೂ ಮಾರಿ ಮನೆಗೆ ಹೋಗುತ್ತಾನೆ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರಿಗೆ ಇಂದಿಗೂ ನಾನು ಹೇಳುವ ಮೊದಲ ಮಾತು ಇದು.

ಮುಂದೆ ಜೀಪು ಕೊಂಡೆ, ಬಾಡಿಗೆಗೆ ಬಿಟ್ಟೆ. ಹಾಗೆ ಸಿಕ್ಕ ಗಿರಾಕಿ ಸರ್ಕಾರದ ಯೋಜನಾ ಕಚೇರಿ. ಜನಸಂಖ್ಯೆ, ಸಮಾಜ ಕಲ್ಯಾಣ ಎಂದು ಅಧ್ಯಯನ ಮಾಡುವವರು ಅವರು. ಮನೆ ಮನೆಗೆ ಹೋಗಿ ಯಾರು ಇದ್ದಾರೆ, ಯಾರು ಊರು ಬಿಟ್ಟಿದ್ದಾರೆ, ಬಿಟ್ಟು ಎಷ್ಟು ಕಾಲವಾಯಿತು ಎಂದು ಕೇಳುತ್ತಿದ್ದರು. ಗಂಡಸರು ದುಡಿಯಲು ಹೋಗಿ ಹೆಂಗಸರೇ ಸಂಸಾರ ನಡೆಸುವ ಊರುಗಳು ಎಲ್ಲಿ ಹೆಚ್ಚೋ ಅಲ್ಲಿಗೆ ಹೆಣ್ಣುಮಕ್ಕಳ ವಸತಿನಿಲಯ ಕೊಡಬೇಕೆಂಬುದು ಆ ಸಲದ ಲೆಕ್ಕಾಚಾರ. ತಂಡವನ್ನು ಕರೆದೊಯ್ಯುವುದು, ಊರಿನವರ ಜತೆ ಮಾತು ಕುದುರಿಸುವುದು ನನ್ನ ಪಾಲಿನ ಕೆಲಸ.

ಕಿಣ್ಣಿ ಸುಲ್ತಾನ ಎಂಬ ಊರಿನ ಕಡೆ ತೊಂದರೆಯಾಗಲಿಲ್ಲ. ಹೋದವರನ್ನು ಹೋದರೆಂದೇ ಹೇಳಿದರು. ಸೊನ್ನದ ಆಚೆ, ಭೀಮಾ ನದಿಯ ದಂಡೆಯ ಒಂದು ಊರಿಗೆ ಹೋದಾಗ ಮಾತ್ರ ಎಲ್ಲ ಮನೆಯಲ್ಲೂ ಒಂದೇ ಉತ್ತರ: "ಮನ್ಯಾಗೇ ಅದಾರ್ರಿ. ಈಗ ಹೊರಗ ಹೋಗ್ಯಾರ." ಮನೆ ಮನೆಯ ಅಂಗಳದ ಹಗ್ಗದ ಮೇಲೆ ಒದ್ದೆ ಅಂಗಿ, ಧೋತರ, ಪ್ಯಾಂಟು. ತಂಡದ ಬರೆಯುವ ಹುಡುಗಿಯರು ಹಾಗೆಯೇ ಬರೆದುಕೊಂಡರು.

ನನಗೆ ಸಮಾಧಾನವಾಗಲಿಲ್ಲ. ಚಹಾದಂಗಡಿಯ ಬೆಂಚು ಖಾಲಿ. ಬೀಡಿಯ ತುಂಡು ಒಂದೂ ನೆಲದ ಮೇಲಿಲ್ಲ. ಕ್ಷೌರದ ಡಬ್ಬಿ ಅಂಗಡಿಯ ಬೀಗಕ್ಕೆ ಜೇಡ ಬಲೆ ಕಟ್ಟಿತ್ತು. ನಮ್ಮ ಡ್ರೈವರ್ ಚಾಚಾ ಹಲ್ಲು ಕಿರಿದು ಹೇಳಿದ, "ಸೇಠ್, ಅಂಗಿ ಎಣಸಿದ್ರ ಈ ಊರಾಗ ಗಂಡಸ್ರ ಜಾತ್ರಿನೇ ಅದ. ಮುಖ ಎಣಸಿದ್ರ ನಾನು, ನೀವು, ಮತ್ತ ಅಲ್ಲಿ ಕಟ್ಟಿದ ಕ್ವಾಣ."

ನಗು ಬಂತು. ನಗುತ್ತಲೇ ಹಗ್ಗದ ಮೇಲಿನ ಒಂದು ಅಂಗಿಯ ಕೊರಳಪಟ್ಟಿಗೆ ಬೆರಳಿಟ್ಟೆ. ನಗು ಅಲ್ಲೇ ನಿಂತಿತು. ಪಟ್ಟಿ ಹೊಸದರಂತೆ ಗಟ್ಟಿ. ಕಂಕುಳಲ್ಲಿ ಬೆವರಿನ ಕಲೆಯಿಲ್ಲ. ಹಗ್ಗದ ಮೇಲೆ ಬೀಳುವ ಮಡಿಕೆಯಲ್ಲಿ ಮಾತ್ರ ಬಣ್ಣ ಸುಟ್ಟುಹೋಗಿತ್ತು. ಮೈ ಕಾಣದೆ ವರ್ಷಗಟ್ಟಲೆ ಒಗೆಸಿಕೊಂಡ ಅಂಗಿ ಅದು. ಪಕ್ಕದ ಅಂಗಳದ್ದೂ ಹಾಗೆಯೇ. ಅದರಾಚೆಯದೂ. ಗಾಳಿ ಬಂದಾಗ ಓಣಿಯ ಅಷ್ಟೂ ತೋಳುಗಳು ಒಮ್ಮೆಗೇ ಎದ್ದವು. ಮಟಮಟ ಮಧ್ಯಾಹ್ನ, ನಾನು ಹಗ್ಗದಿಂದ ಎರಡು ಹೆಜ್ಜೆ ಹಿಂದೆ ಸರಿದೆ.

ತಂಡದ ಮುಖ್ಯಸ್ಥೆ ವಯಸ್ಸಿನಲ್ಲಿ ಚಿಕ್ಕವಳು, ಬುದ್ಧಿ ಚುರುಕು. ನಾನು ಹೇಳಿದ್ದನ್ನು ಕೇಳಿ ಪೆನ್ನಿನ ಮುಚ್ಚಳ ಹಾಕಿದಳು. "ಮನೇಲಿ ಗಂಡಸರಿದ್ದಾರೆ ಅಂತ ಹೊರಗಿನವರಿಗೆ ತೋರಿಸಬೇಕು ಇವರಿಗೆ, ಅದಕ್ಕೇ ಈ ಅಂಗಿಗಳು. ನಾವು ಅಂಗಳದಲ್ಲಿ ನಿಂತು ಕೇಳಿದ್ದೇ ತಪ್ಪು. ಒಳಗೆ ಕೂತು ಕೇಳೋಣ" ಎಂದಳು.

ಮೊದಲು ಹೋದದ್ದು ಓಣಿಯ ತುದಿಯ ಮನೆಗೆ. ಅಲ್ಲಿನ ಹೆಣ್ಣುಮಗಳ ಗಂಡ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದವನು ಮರಳಿರಲಿಲ್ಲ. ಮಗಳು ಏಳನೆಯದು ಮುಗಿಸಿದ್ದಳು. ಹೈಸ್ಕೂಲು ದೂರ, ಬಸ್ಸಿಲ್ಲ. ವಸತಿನಿಲಯ ಬಂದರೆ ಓದು, ಇಲ್ಲದಿದ್ದರೆ ಮದುವೆ. ಆದರೆ ಮನೆಯ ಎದುರು ಕಟ್ಟೆಯ ಮೇಲೆ ಮೈದುನ ಕೂತಿದ್ದ. ಊರು ಬಿಡದೆ ಉಳಿದಿದ್ದ ಕೆಲವೇ ಗಂಡಸರಲ್ಲಿ ಒಬ್ಬ.

"ಏನ್ ಸೇಠ್ರ, ನಮ್ಮ ವೈನಿಗಿ ಏನ್ ಕೇಳಾಕತ್ತೀರಿ?" ಎಂದ. "ನಮ್ಮಣ್ಣ ಇನ್ ಬರಂಗಿಲ್ಲ ಅಂತ ಆಕಿ ಒಮ್ಮಿ ಬಾಯಿಬಿಟ್ಟು ಹೇಳ್ಲಿ. ಆ ದಿನಾನೇ ಮನಿ ನನ್ನ ಹೆಸರಿಗಿ ಮಾಡಸ್ಕೋತೇನಿ."

ಅವಳು ಒಳಗಿನಿಂದಲೇ ತಿರುಗಿಸಿ ಕೊಟ್ಟಳು, "ಮಾಡಸ್ಕೋತಾನಂತ! ನಿಮ್ಮಣ್ಣ ಬರ್ಲಿ, ನಿನ್ನ ಮೀಸಿ ಬೋಳಸಿ ನಿನ್ನ ಕೈಯಾಗ ಕೊಡಸ್ತೇನಿ ಬಾ!"

ಗಂಡನಿಲ್ಲ ಎಂದರೆ ಮನೆ ಹೋಗುತ್ತದೆ. ಇದ್ದಾನೆ ಎಂದರೆ ಮಗಳ ಓದು ಹೋಗುತ್ತದೆ. ಇಂಥಲ್ಲಿ ಉಪದೇಶ ನಡೆಯುವುದಿಲ್ಲ, ಸೌದಾ ನಡೆಯುತ್ತದೆ. ಮೈದುನನ ಎತ್ತು ಬೇವಿನ ಗಿಡದ ಕೆಳಗಿತ್ತು. "ಮಾಲು ಚಲೋ ಅದ. ಕೊಡ್ತಿಯೇನು?" ಎಂದು ಹೆಗಲ ಮೇಲಿನ ಟವೆಲ್ ತೆಗೆದೆ. ಎತ್ತಿನ ಮಾತೆಂದರೆ ನಮ್ಮ ಕಡೆ ಬಾಯಿ ಆಡುವುದಿಲ್ಲ. ಟವೆಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಒತ್ತಿಯೇ ದರ ಹೇಳಬೇಕು. ಕೈ ಸಿಕ್ಕವನು ಮಾತು ಮುಗಿಯುವವರೆಗೆ ಎದ್ದು ಹೋಗುವಂತಿಲ್ಲ. ಅವನು ಬಂದ, ಕೈ ಕೊಟ್ಟ. ಮುಖ್ಯಸ್ಥೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ನಾನು ಬೆರಳು ಒತ್ತುತ್ತಿದ್ದೆ. ಅವನು ಒತ್ತಲಿಲ್ಲ. ಅವನ ಅಂಗೈ ಬಾವಿಯ ಕಲ್ಲಿನಂತೆ ತಂಪಾಗಿತ್ತು. ಕಣ್ಣು ಅತ್ತಿಗೆಯ ಅಂಗಳದ ಹಗ್ಗದ ಮೇಲೆ.

"ಸೇಠ್ರ, ನಾ ಬಾಯಿಲೆ ಎಷ್ಟ್ ಒದರಿದ್ರೂ ಆ ಹೊಸ್ತಲಾ ದಾಟಿಲ್ರಿ" ಎಂದ ಮೆಲ್ಲಗೆ. "ಅಂಗಿ ಖಾಲಿ ಅದ ಅಂತ ಗೊತ್ತದ. ಆದ್ರ ನೀರ್ ಸೋರೂದು ನೋಡಿದ್ರ, ಅಂವ ಈಗೇ ಜಳಕಾ ಮಾಡಿ ಒಳಗ ಉಣ್ಣಾಕ ಕುಂತಾನ ಅನಸ್ತದ. ಕಾಲೇ ಬರಂಗಿಲ್ರಿ."

"ಹೆದರ್ಕೋತಿಯೇನಲೇ?"

"ಹೆದರಿಕಿ ಅಲ್ರಿ. ಖರೇನೇ ಕುಂತಿದ್ರ ಏನಂತ ಮಾತಾಡ್ಸಲಿ?"

ಬಾಗಿಲು ತೆರೆಯುವವರೆಗೂ ನಾನು ಆ ಕೈ ಬಿಡಲಿಲ್ಲ. ಎತ್ತಿನ ಸೌದಾ ಮುರಿಯಿತು, ಮುರಿಯಲೆಂದೇ ಹಿಡಿದದ್ದು.

ಹೆಣ್ಣುಮಗಳು ಜೀಪಿನ ತನಕ ಬಂದಳು. ಒಳಗೆ ಹೇಳಬೇಕಾದದ್ದನ್ನು ಹೇಳಿದ್ದಳು. ಅಷ್ಟು ವರ್ಷ ಯಾರ ಮುಂದೆಯೂ ಆಡದ ಮಾತು ಆಡಿ ತುಟಿ ಒಣಗಿತ್ತು. ಮುಖ್ಯಸ್ಥೆಯನ್ನು ಕೇಳಿದಳು, "ಇಲ್ಲಿ ಇಲ್ಲ ಅಂತ ಬರಕೊಂಡ್ರಿ, ಬರೋಬರ್ ಆತು. ಹಂಗಾದ್ರ ಎಲ್ಲಿ ಅದಾನ ಅಂತ ಬರದ್ರಿ?"

"ಹೋದ ಊರಲ್ಲಿ ಅಲ್ಲಿಯವರು ಬರ್ಕೋತಾರಮ್ಮಾ."

"ಬರಕೊಂಡಾರ್ರಿ?"

ಮುಖ್ಯಸ್ಥೆ ಸುಳ್ಳು ಹೇಳುವವಳಲ್ಲ. "ನನಗೆ ಗೊತ್ತಿಲ್ಲ" ಎಂದಳು.

ಉಳಿದ ಮನೆಗಳಲ್ಲೂ ಹಾಗೆಯೇ ಒಳಗೆ ಕೂತು ಕೇಳಿದರು. ಸಂಜೆಯ ಹೊತ್ತಿಗೆ ಕಾಗದದ ಮೇಲೆ ಊರು ಅರ್ಧಕ್ಕರ್ಧ ಖಾಲಿಯಾಯಿತು. ಮುಂದಿನ ವರ್ಷ ಆ ಭಾಗಕ್ಕೆ ವಸತಿನಿಲಯ ಬಂತು, ಆ ಮಗಳು ಈಗ ಅಲ್ಲಿದ್ದಾಳೆ. ಒಳಗೆ ಆಡಿದ ಮಾತು ಹೊರಗೆ ಬರಲಿಲ್ಲ, ಮನೆಯೂ ಉಳಿಯಿತು. ಲೆಕ್ಕಕ್ಕೆ ಹೋಗುವವರಿಗೆ ನನ್ನದೊಂದು ಬುದ್ಧಿಮಾತು: ಕೇಳುವ ಪ್ರಶ್ನೆಗಿಂತ ಕೇಳುವ ಜಾಗ ನೋಡಿಕೊಳ್ಳಿ. ಇದು ಫಾಯ್ದೆಯ ಮಾತು, ಲಾಭವಾದೀತು, ಬರೆದಿಟ್ಟುಕೊಳ್ಳಿ.

ನನಗೆ ಮಾತ್ರ ಅವಳ ಪ್ರಶ್ನೆ ಅಂಟಿಕೊಂಡಿತು. ಇಲ್ಲಿ ಇಲ್ಲವೆಂದು ನಾವು ಬರೆದೆವು. ಅಲ್ಲಿಯೂ ಯಾರೂ ಬರೆಯದಿದ್ದರೆ ಆ ಮನುಷ್ಯ ಯಾವ ಊರಿನವನು? ಯಡ್ರಾಮಿಯ ಕಡೆ ಹೋದರೂ ಅದೇ ಯೋಚನೆ, ಜೇವರ್ಗಿಯಲ್ಲಿ ಚಹಾ ಕುಡಿಯುವಾಗಲೂ ಅದೇ.

ಜೀಪಿನ ಬಿಡಿಭಾಗ ತರಲು ಈಗಲೂ ಪುಣೆಗೆ ಹೋಗುತ್ತೇನೆ. ಬೆಳಿಗ್ಗೆ ಕೂಲಿಯವರು ಕೆಲಸಕ್ಕಾಗಿ ಕಾಯುವ ನಾಕಾ ಬಂದರೆ ಜೀಪು ನಿಲ್ಲಿಸಿ, ಗುಂಪಿನ ಕಡೆ ನಮ್ಮ ಮಾತಿನಲ್ಲೇ ಕೂಗುತ್ತೇನೆ: "ಯಾರ್ಲೇ ಅಫಜಲಪುರದ ಕಡ್ಯಾಂವ?"

ಕೆಲವರು ನಗುತ್ತಾ ಕೈ ಎತ್ತುತ್ತಾರೆ, ಮಳೆ ಆಯಿತೇ ಎಂದು ಕೇಳುತ್ತಾರೆ. ಪ್ರತಿ ಸಲವೂ ಯಾವನೋ ಒಬ್ಬ ಮಾತ್ರ ಕೂಗು ಕೇಳಿದೊಡನೆ ತಲೆ ಎತ್ತಿ, ನನ್ನನ್ನು ನೋಡಿ, ಗುಂಪಿನ ಹಿಂದಕ್ಕೆ ಸರಿದು ಹೋಗುತ್ತಾನೆ.